ಭಾನುವಾರದ ಪೂಜೆಯಾ, ಅಜ್ಜಿಯ ಸ್ನಾನವಾ?

ತೋಟದಮನೆ
ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ. ಒಂದೂವರೆ ಎಕರೆ ಅಡಿಕೆ ತೋಟ. ಮನೆಯಲ್ಲಿ ಕೊಂಕಣಿ ಮಾತು, ಚರ್ಚಿನಲ್ಲಿ ಕನ್ನಡ ಪೂಜೆ. ಹದಿನಾರು ವರ್ಷದಿಂದ ಗಾಯನ ವೃಂದದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೇನೆ. ಭಾನುವಾರ ತಪ್ಪಿಸಿಕೊಳ್ಳುವ ಪೈಕಿ ನಾನಲ್ಲ ಅಂತ ತಿಳಿಯಲಿ ಎಂದು ಇಷ್ಟು ಹೇಳಿದೆ.

ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. 84 ವರ್ಷ. ನಮ್ಮ ಧರ್ಮದವರಲ್ಲ. ಆದರೆ ನಾನು ಆಡಿ ಬೆಳೆದದ್ದೆಲ್ಲ ಅವರ ಜಗಲಿಯಲ್ಲೇ. ಆಷಾಢದ ಮಳೆಯಲ್ಲಿ ಅಂಗಳದ ಹಾವಸೆ ಮೇಲೆ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಹಾರ್ಟು ವೀಕು, ಆಪರೇಷನ್ ತಡೆಯಲ್ಲ ಅಂದರು. ಅವತ್ತಿನಿಂದ ಮಲಗಿದ್ದಲ್ಲೇ ಎಲ್ಲ. ಮಗ ಬೆಂಗಳೂರಿನಲ್ಲಿ. ನೋಡಿಕೊಳ್ಳುವುದಕ್ಕೆ ಒಬ್ಬ ಹೆಂಗಸನ್ನು ಇಟ್ಟಿದ್ದಾರೆ. ಆಕೆ ಶನಿವಾರ ಸಂಜೆ ಬಸ್ಸಿಗೆ ಊರಿಗೆ ಹೋದರೆ ವಾಪಸ್ ಬರುವುದು ಸೋಮವಾರ ಬೆಳಿಗ್ಗೆ. ನಡುವಿನ ಭಾನುವಾರ ನಮ್ಮ ಪಾಲಿಗೆ ಬಂತು. ಯಾರೂ ವಹಿಸಲಿಲ್ಲ, ತಾನಾಗೇ ಬಂತು.

ನಮ್ಮಲ್ಲಿ ಪೂಜೆ 8 ಗಂಟೆಗೆ. ಚರ್ಚು 9 ಕಿಲೋಮೀಟರ್. ಅಜ್ಜಿಗೆ ಮೈ ಒರೆಸಿ ಬಟ್ಟೆ ಬದಲಿಸುವ ಹೊತ್ತೂ ಅದೇ. ನಾನು ಎತ್ತಿ ಹಿಡಿಯಬೇಕು, ಹೆಂಡತಿ ಒರೆಸಬೇಕು. ಒಬ್ಬರ ಕೈಲಿ ಆಗುವ ಕೆಲಸ ಅಲ್ಲ. ಹಾಗಾಗಿ ಈ ನಾಲ್ಕು ತಿಂಗಳಲ್ಲಿ ನಮಗೆ ಸಿಕ್ಕಿದ್ದು ನಾಲ್ಕೋ ಐದೋ ಪೂಜೆ. ಅದೂ ಮಗ ಊರಿಗೆ ಬಂದಿದ್ದ ವಾರ.

ಚರ್ಚಿನಲ್ಲಿ ಹಿರಿಯರೊಬ್ಬರು, "ಸೇವೆ ಒಳ್ಳೆಯದೇ. ಆದ್ರೆ ದೇವರಿಗೆ ವಾರಕ್ಕೆ ಒಂದು ಗಂಟೆ ಕೊಡೋಕಾಗಲ್ವಾ?" ಅಂದರು. ಅವರ ಮೇಲೆ ಕೋಪ ಇಲ್ಲ. ನಾನೂ ಬೇರೆಯವರಿಗೆ ಇದನ್ನೇ ಹೇಳಿದವನು.

ಈ ಪೋಸ್ಟ್ ಹಾಕುತ್ತಿರುವುದು ಬೇರೆ ಕಾರಣಕ್ಕೆ. ಈಗ ಕೊಯ್ಲು ನಡೆಯುತ್ತಿದೆ. ನಿನ್ನೆ ರಾತ್ರಿ ಅಡಿಕೆ ಸುಲಿದು ಮಲಗುವಾಗ ಹನ್ನೆರಡಾಗಿತ್ತು. ಬೆಳಿಗ್ಗೆ ಅಜ್ಜಿಗೆ ಮೈ ಒರೆಸಿ, ಒಗೆದ ಬೆಡ್‌ಶೀಟ್ ಹಾಸಿ, ಗಂಜಿ ಕುಡಿಸಲು ಕೂತೆ. ಎರಡು ಚಮಚ ಹೋಯಿತು. ಮೂರನೆಯದನ್ನು ಉಗಿದರು. ಬೆಡ್‌ಶೀಟ್, ನನ್ನ ಅಂಗಿ, ದಿಂಬು, ಎಲ್ಲದರ ಮೇಲೂ ಗಂಜಿ. ಬಾಯಿಗೆ ಬಂದಿದ್ದು ಅಂದುಬಿಟ್ಟೆ: "ನಿಮ್ಮಿಂದಾಗಿ ನನ್ನ ಪೂಜೆ ಹೋಯ್ತು."

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹೋಗಿ ಬಾ ಮಗಾ. ನಾನು ಹೀಗೇ ಇರ್ತೀನಿ. ಎಲ್ಲಿಗೂ ಎದ್ದು ಹೋಗಲ್ಲ" ಅಂದರು.

ಅಲ್ಲಿಂದ ಬಂದಾಗಿನಿಂದ ತಲೆ ಕೆಟ್ಟಿದೆ. ಪೂಜೆಗೂ ಹೋಗಲಿಲ್ಲ, ಸೇವೆಯನ್ನೂ ನೆಟ್ಟಗೆ ಮಾಡಲಿಲ್ಲ. ನೀವೆಲ್ಲ ಎರಡನ್ನೂ ಹೇಗೆ ನಿಭಾಯಿಸುತ್ತೀರಿ?


ಬಿಎಚ್‌ರೋಡ್
ಭಾನುವಾರ, ರಾತ್ರಿ 10:05

ಮೊದಲು ಕಾನೂನಿನ ಮಾತು ಹೇಳಿಬಿಡುತ್ತೇನೆ, ಸುಮ್ನೆ ಆ ಭಾರ ಯಾಕೆ ಹೊರುತ್ತೀರಿ. ಭಾನುವಾರದ ಪೂಜೆ ಕಡ್ಡಾಯ, ಹೌದು. ಆದರೆ ಗಂಭೀರ ಕಾರಣ ಇದ್ದರೆ ತಪ್ಪಿಸಿದ್ದು ಪಾಪ ಅಲ್ಲ. ಕಾಯಿಲೆ, ಕೂಸಿನ ಆರೈಕೆ ಅಂತ ಕಥೋಲಿಕ ಧರ್ಮೋಪದೇಶದ 2181ನೇ ಕಂಡಿಕೆಯಲ್ಲೇ ಉದಾಹರಣೆ ಕೊಟ್ಟಿದ್ದಾರೆ. ಹಾಸಿಗೆ ಹಿಡಿದ ಅಜ್ಜಿ ಕೂಸಿಗಿಂತ ಕಡಿಮೆಯಾ?

ಇನ್ನೊಂದು, 1983ರ ಚರ್ಚ್ ಕಾನೂನಿನ ಪ್ರಕಾರ ಶನಿವಾರ ಸಂಜೆಯ ಪೂಜೆಯೂ ಭಾನುವಾರದ ಲೆಕ್ಕಕ್ಕೆ ಬರುತ್ತದೆ. ನಾನು ಶಿವಮೊಗ್ಗದವನು, ಸೇಕ್ರೆಡ್ ಹಾರ್ಟ್ ಕ್ಯಾಥೆಡ್ರಲ್ ಪಕ್ಕದಲ್ಲೇ ಮನೆ, ನನಗೇನೋ ಸುಲಭ. ನಿಮ್ಮ ಕಡೆ ಶನಿವಾರ ಎಲ್ಲಾದರೂ ಪೂಜೆ ಇದೆಯಾ ವಿಚಾರಿಸಿ.


ಮಣ್ಣಿನಹಣತೆ
ಭಾನುವಾರ, ರಾತ್ರಿ 10:50

ಕಹಿ ಅನ್ನಿಸಿದರೂ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಇತ್ತೀಚೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು, "ಸೇವೆಯೇ ಪೂಜೆ." ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಹಾಗೆ ಹೇಳುವವರಲ್ಲಿ ಅರ್ಧಕ್ಕರ್ಧ ಜನ ಪೂಜೆಯನ್ನೂ ಮಾಡಲ್ಲ, ಸೇವೆಯನ್ನೂ ಮಾಡಲ್ಲ. (ನಿಮ್ಮನ್ನು ಹೇಳುತ್ತಿಲ್ಲ.) ಸೇವೆ ಮಾಡಬೇಕು ಅಂದರೆ ರೋಟರಿ ಇದೆ, ಲಯನ್ಸ್ ಇದೆ. ಚರ್ಚು ಯಾಕೆ? ಯೇಸುಸ್ವಾಮಿ ಮನೆಗೆ ಬಂದಾಗ ಮಾರ್ತಾ ಅಡುಗೆ ಕೆಲಸದಲ್ಲಿದ್ದಳು, ತಂಗಿ ಮರಿಯ ಅವರ ಪಾದದ ಬಳಿ ಕೂತು ಮಾತು ಕೇಳುತ್ತಿದ್ದಳು. ಮಾರ್ತಾಳಿಗೆ ಸ್ವಾಮಿ ಏನು ಹೇಳಿದರು? ಬೇಕಾದದ್ದು ಒಂದೇ, ಮರಿಯ ಆರಿಸಿಕೊಂಡದ್ದೇ ಒಳ್ಳೆಯ ಪಾಲು.

ಮದರ್ ತೆರೇಸಾ 1950ರಲ್ಲಿ ಸಿಸ್ಟರುಗಳ ಸಭೆ ಕಟ್ಟಿದರು. ಬೀದಿಯಲ್ಲಿ ಬಿದ್ದವರನ್ನು ಎತ್ತುವ ಆ ಸಿಸ್ಟರುಗಳ ದಿನ ಶುರುವಾಗುವುದು ಪ್ರಾರ್ಥನೆ ಮತ್ತು ಬಲಿಪೂಜೆಯಿಂದ. 1973ರಿಂದ ದಿನಕ್ಕೆ ಒಂದು ಗಂಟೆ ಪರಮಪ್ರಸಾದದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯ) ಆರಾಧನೆಯನ್ನೂ ಸೇರಿಸಿಕೊಂಡರು. ಕೆಲಸ ಜಾಸ್ತಿ ಅಂತ ಪ್ರಾರ್ಥನೆ ಕಡಿಮೆ ಮಾಡಲಿಲ್ಲ, ಇನ್ನೂ ಹೆಚ್ಚು ಮಾಡಿದರು.

ನೀವು ಅಜ್ಜಿಯನ್ನು ಬೈದಿರಿ. ಯಾಕೆ? ಬಾವಿ ಬತ್ತಿತ್ತು. ನಾಲ್ಕು ತಿಂಗಳಿಂದ ಬರೀ ಸೇದಿದ್ದೇ ಆಯಿತು.


ಉಕ್ಕಿನೂರು
ಸೋಮವಾರ, ಬೆಳಿಗ್ಗೆ 6:15

ನಾನು ಭದ್ರಾವತಿಯವನು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ). ನಮ್ಮ ತಾತ ವೆಸ್ಲಿಯನ್ ಮಿಷನ್ ಕಾಲದವರು, 1947ರಲ್ಲಿ ಬೇರೆಬೇರೆ ಪ್ರೊಟೆಸ್ಟಂಟ್ ಸಭೆಗಳು ಒಂದಾಗಿ ಸಿಎಸ್‌ಐ ಆಗುವುದಕ್ಕೂ ಮೊದಲಿನವರು. ಅದಕ್ಕೇ ಮಧ್ಯೆ ಬಾಯಿ ಹಾಕುತ್ತಿದ್ದೇನೆ.

ಆ ಪಂಥ ಶುರುವಾದದ್ದು ಯಾರಿಂದಲೋ ಆ ಜಾನ್ ವೆಸ್ಲಿ ಭಕ್ತಿಯ ಕೆಲಸ, ಕರುಣೆಯ ಕೆಲಸ ಅಂತ ಎರಡು ಹೇಳುತ್ತಿದ್ದರು. ಪ್ರಾರ್ಥನೆ, ಉಪವಾಸ, ರೊಟ್ಟಿ-ರಸದ ಸಂಸ್ಕಾರ ಎಲ್ಲ ಮೊದಲನೆಯದು. ಹಸಿದವರಿಗೆ ಊಟ, ಜೈಲಿನವರನ್ನು ನೋಡುವುದು, ಕಾಯಿಲೆಯವರ ಆರೈಕೆ ಎರಡನೆಯದು. ಆಕ್ಸ್‌ಫರ್ಡ್‌ನಲ್ಲಿ ಇದ್ದಾಗಲೇ ಗೆಳೆಯರ ಜೊತೆ ಜೈಲಿಗೆ ಹೋಗುತ್ತಿದ್ದ ಮನುಷ್ಯ. ಎರಡೂ ಬೇಕು ಅಂದವರು, ಎರಡೂ ಒಂದೇ ಹೊತ್ತಿಗೆ ಎದುರಾದರೆ ಕರುಣೆಗೆ ಮೊದಲ ಜಾಗ ಅಂತ ಪ್ರಸಂಗದಲ್ಲೇ ಹೇಳಿದ್ದಾರೆ. ಪ್ರಾರ್ಥನೆಯನ್ನೂ ಮುಂದಕ್ಕೆ ಹಾಕಬಹುದು ಅಂತ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಪ್ರಾರ್ಥನೆ ಮಾಡುತ್ತಿದ್ದವರು ಹೇಳಿದ ಮಾತು ಇದು, ಸೋಮಾರಿ ಹೇಳಿದ್ದಲ್ಲ.

ಹಣತೆಯವರೇ, ರೋಟರಿ ಮಾತು ಬೇಡ. ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಪ್ರಾರ್ಥನೆ ಕಲಿಸಿದರು. ಜನರಿಗೆ ದುಡಿಮೆ ಬೇಕು ಅಂತ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ಹಾಕಿದರು. ಮಲೆನಾಡಿನ ಮನೆಗಳ ಮೇಲೆ ಮಳೆ ತಡೆಯುತ್ತಿರುವ ಮಂಗಳೂರು ಹೆಂಚಿನ ಕಥೆ ಅದೇ. ಅದು ಚರ್ಚಿನ ಕೆಲಸ ಅಲ್ಲ ಅನ್ನುತ್ತೀರಾ?

ಬೈಬಲಿನಲ್ಲಿ ಪ್ರವಾದಿ ಯೆಶಾಯನ 58ನೇ ಅಧ್ಯಾಯ ಓದಿ. ಉಪವಾಸ ಮಾಡಿಯೂ ಕೂಲಿಯವರನ್ನು ಹಿಂಡುತ್ತೀರಲ್ಲ, ಅದು ನನಗೆ ಬೇಕಾದ ಉಪವಾಸವಾ ಅಂತ ದೇವರೇ ಕೇಳುತ್ತಾನೆ. ಆಮೋಸ 5ರಲ್ಲಂತೂ ನಿಮ್ಮ ಹಾಡಿನ ಗದ್ದಲ ತೆಗೆಯಿರಿ ಅಂತಾನೆ. (ಕೀಬೋರ್ಡ್ ಅಣ್ಣ, ಕ್ಷಮಿಸಿ.)

ನಮ್ಮ ಕಡೆ ಸುಗ್ಗಿ ಹಬ್ಬದ ದಿನ ಕಾಣಿಕೆ ತಂದದ್ದನ್ನೆಲ್ಲ ಹರಾಜು ಹಾಕುತ್ತೇವೆ. ಒಂದು ವರ್ಷ ಒಬ್ಬರು ಒಂದೇ ಒಂದು ಸೌತೆಕಾಯಿಗೆ 600 ರೂಪಾಯಿ ಕೂಗಿದರು. ಸಭೆಯೆಲ್ಲ ಚಪ್ಪಾಳೆ. ಹೊರಗೆ ಗೇಟಿನ ಹತ್ತಿರ ಅವರ ಮನೆಗೆ ಗಾರೆ ಕೆಲಸ ಮಾಡಿದ ಹುಡುಗ ಎರಡು ದಿನದ ಕೂಲಿಗೆ ಕಾಯುತ್ತಾ ನಿಂತಿದ್ದ. ಅವನಿಗೆ "ಇವತ್ತು ಭಾನುವಾರ, ದುಡ್ಡಿನ ಮಾತು ಬೇಡ" ಅಂದರು. ಆ ಸೌತೆಕಾಯಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.


ಕೊಡಚಾದ್ರಿ_ಮಳೆ
ಸೋಮವಾರ, ಬೆಳಿಗ್ಗೆ 7:30

ಇಷ್ಟೆಲ್ಲ ವಾಕ್ಯ ಬಂತು. ಅಜ್ಜಿ ಹೇಗಿದ್ದಾರೆ ಅಂತ ಯಾರೂ ಕೇಳಲಿಲ್ಲ.


ತೋಟದಮನೆ
ಸೋಮವಾರ, ಮಧ್ಯಾಹ್ನ 1:20

ಕೇಳಿದ್ದಕ್ಕೆ ಥ್ಯಾಂಕ್ಸ್. ಊಟ ಕಡಿಮೆ ಆಗಿದೆ. ಬೆನ್ನಿನ ಕೆಳಗೆ ಸೊಂಟದ ಹತ್ತಿರ ಐದು ರೂಪಾಯಿ ನಾಣ್ಯದಷ್ಟು ಜಾಗ ಕೆಂಪಾಗಿದೆ. ಹೆಂಡತಿ ಪೌಡರ್ ಹಾಕುತ್ತಿದ್ದಾಳೆ. ಮಾತು ಮಾತ್ರ ಮೊದಲಿನ ಹಾಗೇ ಚುರುಕು.

ಶನಿವಾರದ ಪೂಜೆ ಇರುವ ಚರ್ಚಿಗೆ ಇಲ್ಲಿಂದ 22 ಕಿಲೋಮೀಟರ್. ನೋಡಿಕೊಳ್ಳುವಾಕೆ ಹೊರಡುವುದೂ ಅದೇ ಹೊತ್ತಿಗೆ. ಆಗಲ್ಲ.

ಪಾಪ ಹೌದಾ ಅಲ್ವಾ ಅನ್ನುವುದು ನನ್ನ ಚಿಂತೆ ಅಲ್ಲ. ಫಾದರ್ ಕೂಡ ತಲೆ ಕೆಡಿಸಿಕೊಳ್ಳಬೇಡ ಅಂದಿದ್ದಾರೆ. ಹಣತೆಯವರ ಬಾವಿಯ ಮಾತು ನಾಟಿತು. ಆದರೆ ಉಕ್ಕಿನೂರಿನವರು ಹೇಳಿದ್ದೂ ಸುಳ್ಳಲ್ಲ. ಎರಡೂ ನಿಜ ಅನ್ನಿಸುತ್ತಿದೆ, ಅದೇ ತೊಂದರೆ.


ಸಂಡೇಸ್ಕೂಲ್‌ಟೀಚರ್
ಸೋಮವಾರ, ರಾತ್ರಿ 8:45

ತಮ್ಮಾ, ನಾನು ಸಾಗರದವಳು. ಮೂವತ್ತು ವರ್ಷ ಸಂಡೇ ಸ್ಕೂಲಿನಲ್ಲಿ ಮಾರ್ಥ-ಮರಿಯಳ ಪಾಠ ಮಾಡಿದ್ದೇನೆ. ಇಪ್ಪತ್ತು ವರ್ಷ ತಪ್ಪಾಗಿ ಮಾಡಿದೆ ಅಂತ ಈಗ ಅನ್ನಿಸುತ್ತದೆ. ಸೌಟು ಹಿಡಿದ ಮಾರ್ಥಳ ಚಿತ್ರಕ್ಕೆ ಮಕ್ಕಳ ಕೈಲಿ ಕಪ್ಪು ಬಣ್ಣ, ಕೂತ ಮರಿಯಳಿಗೆ ಹಳದಿ ಬಣ್ಣ ಹಾಕಿಸುತ್ತಿದ್ದೆ!

ಆ ಕಥೆ ಲೂಕ 10ರ ಕೊನೆಯಲ್ಲಿದೆ. ಅದಕ್ಕೆ ತಾಗಿದ ಹಾಗೆ ಮೇಲೆ ಏನಿದೆ ನೋಡಿ. ಒಳ್ಳೇ ಸಮಾರ್ಯದವನು. ಅಲ್ಲಿ ಯಾಜಕನೂ ಲೇವಿಯನೂ ದಾರಿಯಲ್ಲಿ ಬಿದ್ದವನನ್ನು ನೋಡಿಕೊಂಡು ಆಚೆ ಹೋದರು. ದೇವಾಲಯದ ಸೇವೆ ಮಾಡುವವರು ಅವರು. ಎಣ್ಣೆ ಹಚ್ಚಿ, ಗಾಯ ಕಟ್ಟಿ, ಛತ್ರದ ಖರ್ಚು ಕೊಟ್ಟ ಸಮಾರ್ಯದವನ ಹಾಗೆ ನೀನೂ ಹೋಗಿ ಮಾಡು ಅಂತ ಯೇಸು ಹೇಳಿದ ಮೇಲೆ ಮಾರ್ಥಳ ಮನೆ ಬರುತ್ತದೆ. ಲೂಕ ಇವೆರಡನ್ನೂ ಹೀಗೆ ಸುಮ್ನೆ ಪಕ್ಕಪಕ್ಕ ಇಟ್ಟಿಲ್ಲ ಅನ್ನುವುದು ನನ್ನ ಎಣಿಕೆ. ಒಂದನ್ನೇ ಓದಿ ಎದ್ದುಹೋಗಬೇಡಿ ಅಂತ ಇರಬೇಕು.

ಇನ್ನು ಮಾರ್ಥ. ಅಡುಗೆ ಮಾಡಿದ್ದಕ್ಕೆ ಯೇಸು ಅವಳನ್ನು ಏನೂ ಅನ್ನಲಿಲ್ಲ. ಅವಳು ಒಳಗಿಂದ ಬಂದು "ನನ್ನ ತಂಗಿ ನನ್ನೊಬ್ಬಳನ್ನೇ ಕೆಲಸಕ್ಕೆ ಬಿಟ್ಟಿದ್ದಾಳೆ, ನಿಮಗೆ ಚಿಂತೆ ಇಲ್ವಾ" ಅಂತ ಕೇಳಿದಾಗ ಆ ಮಾತು ಬಂತು. ಕೈ ಒಲೆಯ ಹತ್ತಿರ, ಕಣ್ಣು ತಂಗಿಯ ಮೇಲೆ. ಮನಸ್ಸಿನಲ್ಲಿ ಲೆಕ್ಕದ ಪುಸ್ತಕ.

ಯೋಹಾನ 11ಕ್ಕೆ ಹೋಗಿ. ತಮ್ಮ ಲಾಜರ ಸತ್ತಾಗ, ನೀನೇ ಕ್ರಿಸ್ತ, ದೇವಕುಮಾರ ಅಂತ ಬಾಯಿಬಿಟ್ಟು ಹೇಳಿದವಳು ಇದೇ ಮಾರ್ಥ. ಇಂಥಾ ನಂಬಿಕೆಯ ಮಾತು ಎಲ್ಲಿಂದ ಬಂತು? 12ನೇ ಅಧ್ಯಾಯದ ಶುರುವಿನಲ್ಲಿ ಮತ್ತೆ ಊಟ. ಮರಿಯ ಪಾದಕ್ಕೆ ಸುಗಂಧ ತೈಲ ಹಚ್ಚುತ್ತಾಳೆ. ಮಾರ್ಥ ಏನು ಮಾಡುತ್ತಿದ್ದಳು? ಬಡಿಸುತ್ತಿದ್ದಳು! ಅವಳು ಸೌಟು ಬಿಡಲೇ ಇಲ್ಲ. ದೂರು ಮಾತ್ರ ಬಿಟ್ಟಳು. ಇದು ನನ್ನ ಕಣ್ಣಿಗೆ ಬಿದ್ದಾಗ ನನಗೆ ಐವತ್ತು ದಾಟಿತ್ತು.

ನನ್ನದೇ ಒಂದು ಹೇಳುತ್ತೇನೆ. ಒಂದು ಶುಕ್ರವಾರ ಉಪವಾಸ ಪ್ರಾರ್ಥನೆಗೆ ಹೊರಟಿದ್ದೆ. ಮಗಳಿಗೆ ಮೈ ಬೆಚ್ಚಗಿತ್ತು. ಮಾತ್ರೆ ಕೊಟ್ಟು, ದೇವರು ನೋಡಿಕೊಳ್ಳುತ್ತಾನೆ ಅಂತ ಹೋದೆ. ಮೂರು ಗಂಟೆ ಊರವರಿಗೆಲ್ಲ ಪ್ರಾರ್ಥನೆ ಮಾಡಿ ಬಂದರೆ ಮಗಳು ನೆಲದ ಮೇಲೆ ಮಲಗಿದ್ದಳು, ಜ್ವರ 103. ನೀರು ತಗೊಳ್ಳುವುದಕ್ಕೆ ಎದ್ದವಳಿಗೆ ತಲೆ ಸುತ್ತು ಬಂದಿತ್ತಂತೆ. ಅವಳಿಗೆ ಈಗ ಎರಡು ಮಕ್ಕಳು. ಇವತ್ತಿಗೂ ನಾನು "ನಿನಗೋಸ್ಕರ ಪ್ರಾರ್ಥನೆ ಮಾಡ್ತೀನಿ" ಅಂದರೆ ಒಂದು ಥರ ನಗುತ್ತಾಳೆ.

ನಿಮ್ಮ ವಿಷಯದಲ್ಲಿ ನನಗೆ ಒಂದೇ ಪ್ರಶ್ನೆ. ನೀವು ಸುಸ್ತಾಗಿ ಬೈದಿರಾ, ಲೆಕ್ಕ ಇಟ್ಟು ಬೈದಿರಾ? ಸುಸ್ತಾಗಿದ್ದರೆ ನಿದ್ದೆ ಮಾಡಿ. "ನನ್ನ ಪೂಜೆ ಹೋಯ್ತು" ಅಂದಿದ್ದೀರಿ. ಅದು ಲೆಕ್ಕದ ಮಾತಿನ ಹಾಗೆ ಕೇಳಿಸುತ್ತದೆ.

ಬಾವಿಗೆ ನೀರು ಬರಬೇಕಾದರೆ ಒಂದು ಸಣ್ಣ ದಾರಿ ಇದೆ. ಅತ್ತೆ ಹಾಸಿಗೆ ಹಿಡಿದಿದ್ದಾಗ ನಾನು ಮಾಡಿದ್ದು. ಬಚ್ಚಲಿಗೆ ಹೋಗಿ ಹಂಡೆ ಒಲೆಗೆ ಬೆಂಕಿ ಹಾಕುವಾಗ ಒಂದು ಕೀರ್ತನೆ. 121ನೆಯದು ಎಂಟೇ ವಚನ, ಅಡಿಕೆ ಸಿಪ್ಪೆ ಹೊತ್ತಿಕೊಳ್ಳುವಷ್ಟರಲ್ಲಿ ಮುಗಿಯುತ್ತದೆ. ನೀರು ಕಾಯುವವರೆಗೆ ಸುಮ್ಮನೆ ಕೂರುವುದು. ಫೋನ್ ಮುಟ್ಟುವ ಹಾಗಿಲ್ಲ. ಇಷ್ಟೇ. ಎರಡು ವರ್ಷ ಅದೇ ನನ್ನ ಚರ್ಚು.


ಉಡುತಡಿಯವ
ಮಂಗಳವಾರ, ಬೆಳಿಗ್ಗೆ 9:10

ನಾನು ಕ್ರೈಸ್ತ ಅಲ್ಲ. ಶಿಕಾರಿಪುರ ತಾಲ್ಲೂಕು, ಅಕ್ಕಮಹಾದೇವಿಯ ಊರಿನ ಕಡೆಯವನು. ಫ್ರೆಂಡ್ ಒಬ್ಬರು ಈ ಚರ್ಚೆ ಕಳಿಸಿದರು. ಓದುತ್ತಾ ಹೋದ ಹಾಗೆ ಇದು ನಮ್ಮ ಮನೆ ಜಗಳವೇ ಅನ್ನಿಸಿತು.

"ಕಾಯಕವೇ ಕೈಲಾಸ" ಅಂತ ಬಸ್ ಸ್ಟ್ಯಾಂಡಿನ ಗೋಡೆ ಮೇಲೂ ಬರೆದಿರುತ್ತಾರೆ. ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ತೊಡಗಿದ್ದಾಗ ಗುರುದರ್ಶನವನ್ನೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು ಅನ್ನುತ್ತಾನೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ಜಂಗಮರಿಗೆ ಊಟ ಹಾಕುತ್ತಿದ್ದವನು ಅವನು. ಅಂದರೆ ನಿಮ್ಮ ವೆಸ್ಲಿಯವರ ಪಕ್ಷ.

ಆದರೆ ಕಥೆಯ ಇನ್ನರ್ಧ ಜನಕ್ಕೆ ನೆನಪಿರಲ್ಲ. ಒಂದು ದಿನ ಮಾರಯ್ಯ ದಿನಕ್ಕಿಂತ ಜಾಸ್ತಿ ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಹೊಸಿಲಲ್ಲೇ ತಡೆದಳು. ಇಷ್ಟೊಂದು ಯಾಕೆ? ಆಸೆ ಅರಸರಿಗೆ ಇರಬಹುದು, ಶಿವಭಕ್ತರಿಗೆ ಯಾಕೆ? ಹೋಗಿ ಅಲ್ಲೇ ಸುರಿದು ಬಾ ಅಂದಳು. ದಾಸೋಹಕ್ಕೆ ತಾನೇ ತಂದದ್ದು! ಆದರೂ ಬೇಡ ಅಂದಳು.

ತೋಟದಮನೆಯವರೇ, ನೀವು ಹೊತ್ತಿರುವ ಅಕ್ಕಿಯಲ್ಲಿ ಸ್ವಲ್ಪ ಜಾಸ್ತಿ ಇದೆಯಾ ನೋಡಿಕೊಳ್ಳಿ. ಕೊಯ್ಲು, ಸುಲಿತ, ಅಜ್ಜಿ, ಗಾಯನ ವೃಂದ, ಎಲ್ಲ ನಾನೇ ಮಾಡಬೇಕು ಅನ್ನುವುದೂ ಒಂದು ಆಸೆಯೇ ಅಲ್ವಾ?


ಸೊರಬದಹುಡುಗ
ಮಂಗಳವಾರ, ಬೆಳಿಗ್ಗೆ 11:00

ಒಂದು ಡೌಟು. ಅಜ್ಜಿ ಮನೆ ಕಡೆಯವರು ಏನೂ ಅನ್ನಲ್ವಾ? ಈಗ ಇಂಥದ್ದಕ್ಕೂ ಬೇರೆ ಅರ್ಥ ಕಟ್ಟುತ್ತಾರೆ, ಅದಕ್ಕೆ ಕೇಳಿದೆ.


ತೋಟದಮನೆ
ಮಂಗಳವಾರ, ಸಂಜೆ 6:30

ಇಲ್ಲ ಮಾರಾಯ. ಮಗ ವಾರಕ್ಕೆ ಎರಡು ಸಲ ಫೋನ್ ಮಾಡುತ್ತಾನೆ, ನಾವು ಒಂದೇ ಸ್ಕೂಲಲ್ಲಿ ಓದಿದವರು. ಬೆಳಿಗ್ಗೆ ಹೋದ ಕೂಡಲೇ ಅಜ್ಜಿಗೆ ಭದ್ರಾವತಿ ಆಕಾಶವಾಣಿಯ ಭಕ್ತಿಗೀತೆ ಹಾಕಿಕೊಡುತ್ತೇನೆ. ಸೌಂಡ್ ಕಡಿಮೆ ಇಟ್ಟರೆ ಬೈಯುತ್ತಾರೆ. ಅವರ ದೇವರು ಅವರಿಗೆ, ನನ್ನ ದೇವರು ನನಗೆ. ಒದ್ದೆ ಬಟ್ಟೆಗೆ ಯಾವ ಧರ್ಮವೂ ಇಲ್ಲ.

ಟೀಚರಮ್ಮ, ನಿಮ್ಮ ಪ್ರಶ್ನೆಗೆ ಉತ್ತರ: ಲೆಕ್ಕ ಇಟ್ಟೇ ಬೈದೆ. ತಪ್ಪಿದ ಪೂಜೆಗಳನ್ನು ಮನಸ್ಸಿನಲ್ಲಿ ಎಣಿಸುತ್ತಿದ್ದೆ. ಹದಿಮೂರು.

ಲಕ್ಕಮ್ಮನ ಕಥೆಯನ್ನು ಹೆಂಡತಿಗೆ ಓದಿ ಹೇಳಿದೆ. "ನಾನು ಇದನ್ನೇ ನಾಲ್ಕು ತಿಂಗಳಿಂದ ಹೇಳ್ತಾ ಇದೀನಿ, ಕೇಳೋಕೆ ಹನ್ನೆರಡನೇ ಶತಮಾನದವರೇ ಬರಬೇಕಾಯ್ತಾ" ಅಂದಳು.


ಮಣ್ಣಿನಹಣತೆ
ಮಂಗಳವಾರ, ರಾತ್ರಿ 9:30

ಟೀಚರಮ್ಮನ ಮಾರ್ತಾ ಪಾಠ ಒಪ್ಪಿಕೊಂಡೆ. ಯೋಹಾನ 12ನ್ನು ನಾನು ಹಾಗೆ ನೋಡಿರಲೇ ಇಲ್ಲ.

ಆದರೂ ಒಂದು ಮಾತು ಬಿಡಲ್ಲ. ಮಾರ್ಕನ ಮೊದಲನೇ ಅಧ್ಯಾಯ. ಹಿಂದಿನ ಸಂಜೆ ಊರಿಗೆ ಊರೇ ಬಾಗಿಲಿಗೆ ಬಂದಿತ್ತು, ಯೇಸು ಎಷ್ಟೋ ಜನರನ್ನು ಗುಣಪಡಿಸಿದರು. ಮರುದಿನ ಇನ್ನೂ ಕತ್ತಲಿರುವಾಗ ಎದ್ದು ನಿರ್ಜನ ಜಾಗಕ್ಕೆ ಹೋಗಿ ಪ್ರಾರ್ಥನೆಗೆ ಕೂತರು. ಎಲ್ಲರೂ ನಿಮ್ಮನ್ನು ಹುಡುಕುತ್ತಿದ್ದಾರೆ ಅಂತ ಶಿಷ್ಯರು ಬಂದು ಕರೆದರೆ, ವಾಪಸ್ ಆ ಬಾಗಿಲಿಗೆ ಹೋಗಲಿಲ್ಲ, ಬೇರೆ ಊರಿಗೆ ಹೊರಟರು. ಕಾಯಿಲೆಯವರು ಇನ್ನೂ ಇದ್ದರು ಅಲ್ವಾ? ಇದ್ದೇ ಇರುತ್ತಾರೆ. ಒಲೆ ಮುಂದೆ ಕೀರ್ತನೆ ಒಳ್ಳೆಯದೇ, ಆದರೆ ಅದು ತಿಂಡಿ. ಊಟ ಅಂದರೆ ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು ಪರಮಪ್ರಸಾದ ಸ್ವೀಕರಿಸುವುದು. ತಿಂಡಿಯಲ್ಲೇ ಎಷ್ಟು ದಿನ ಕಳೆಯುತ್ತೀರಿ?


ಉಕ್ಕಿನೂರು
ಮಂಗಳವಾರ, ರಾತ್ರಿ 10:10

ಹಣತೆಯವರ ಪಂಕ್ತಿಯ ಮಾತನ್ನೇ ಹಿಡಿದು ಮುಂದೆ ಹೋಗುತ್ತೇನೆ. ಅಪೊಸ್ತಲರ ಕೃತ್ಯಗಳು 6. ವಿಧವೆಯರಿಗೆ ದಿನದ ಊಟ ಹಂಚುವುದರಲ್ಲಿ ತಾರತಮ್ಯ ಆಗುತ್ತಿದೆ ಅಂತ ಗಲಾಟೆ. ನಾವು ವಾಕ್ಯ, ಪ್ರಾರ್ಥನೆ ಬಿಟ್ಟು ಬಡಿಸುವುದಕ್ಕೆ ನಿಂತರೆ ಸರಿ ಹೋಗಲ್ಲ ಅಂದರು ಅಪೊಸ್ತಲರು. ಹಾಗಂತ ಊಟವನ್ನು ನಿಲ್ಲಿಸಿದರಾ? ಏಳು ಜನರನ್ನು ಆರಿಸಿ ಅದನ್ನು ಒಪ್ಪಿಸಿದರು. ಅದೂ ಎಂಥವರನ್ನು? ಪವಿತ್ರಾತ್ಮ ತುಂಬಿದವರನ್ನೇ. ಬಡಿಸುವುದಕ್ಕೆ! ಸ್ತೆಫನ ಆ ಏಳರಲ್ಲಿ ಒಬ್ಬ.

ಇಲ್ಲಿ ಏಳು ಜನ ಎಲ್ಲಿ? ದೇವರಿಗೆ ಒಂದು ಗಂಟೆ ಕೊಡಲಾಗಲ್ವಾ ಅಂತ ಕೇಳಿದ ಹಿರಿಯರು ಅಜ್ಜಿಗೆ ಒಂದು ಗಂಟೆ ಕೊಡಲಿ, ಇವರು ಪೂಜೆಗೆ ಹೋಗಿ ಬರುತ್ತಾರೆ.


ಮಣ್ಣಿನಹಣತೆ
ಮಂಗಳವಾರ, ರಾತ್ರಿ 10:14

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಸರಿ ಇದೆ.


ನೈಟ್‌ಡ್ಯೂಟಿ
ಬುಧವಾರ, ಬೆಳಗಿನ ಜಾವ 4:50

ನಾನು ನರ್ಸ್. ಮೊದಲು ಕೆಲಸದ ಮಾತು. ಆ ಕೆಂಪು ಜಾಗವನ್ನು ತಿಕ್ಕಬೇಡಿ, ಮಸಾಜ್ ಬೇಡವೇ ಬೇಡ. ಪೌಡರ್ ಬಿಡಿ. ಎರಡು ಗಂಟೆಗೆ ಒಂದು ಸಲ ಮಗ್ಗುಲು ಬದಲಿಸಬೇಕು. ಮೂಳೆ ಮುರಿದಿದೆ, ಹಾಗಾಗಿ ಯಾವ ಕಡೆಗೆ, ಎಷ್ಟು ಅಂತ ಡಾಕ್ಟರ್ ಹತ್ತಿರ ಕೇಳಿಕೊಂಡೇ ಮಾಡಿ. ಮಂಡಿಗಳ ನಡುವೆ ದಿಂಬು. ಹಿಮ್ಮಡಿ ಹಾಸಿಗೆಗೆ ಒತ್ತದ ಹಾಗೆ ಮೀನಖಂಡದ ಕೆಳಗೆ ಮಡಚಿದ ಟವೆಲ್. ಚರ್ಮ ಒಡೆದರೆ ಅವತ್ತೇ ತೋರಿಸಿ, ನಾಳೆ ಅನ್ನಬೇಡಿ. ಗಾಳಿ ತುಂಬುವ ಏರ್ ಬೆಡ್ ಸಿಕ್ಕರೆ ಬಹಳ ಒಳ್ಳೆಯದು. ಗಂಜಿ ಕುಡಿಸುವಾಗ ತಲೆ, ಬೆನ್ನು ಎತ್ತರಕ್ಕೆ ಇರಲಿ. ಉಗಿದದ್ದು ಹಟದಿಂದ ಅಲ್ಲದೇ ಇರಬಹುದು, ನುಂಗಲು ಕಷ್ಟ ಆಗುತ್ತಿರಬಹುದು.

ನನ್ನ ಭಾನುವಾರಗಳು ಮುಕ್ಕಾಲು ಪಾಲು ವಾರ್ಡಿನಲ್ಲೇ ಹೋದವು. ಮೊದಲೆಲ್ಲ ಅಳು ಬರುತ್ತಿತ್ತು. ಆಮೇಲೆ ಒಬ್ಬರು ವಯಸ್ಸಾದ ಸಿಸ್ಟರ್ ಸಂತ ವಿನ್ಸೆಂಟ್ ದೆ ಪೌಲ್ ಬಗ್ಗೆ ಹೇಳಿದರು. 1633ರಲ್ಲಿ ಪ್ಯಾರಿಸ್‌ನಲ್ಲಿ ಸಂತ ಲೂಯಿಸ್ ಜೊತೆ ಸೇರಿ ರೋಗಿಗಳ ಸೇವೆಗೆ ಸಿಸ್ಟರುಗಳ ಸಭೆ ಶುರು ಮಾಡಿದವರು. ಪ್ರಾರ್ಥನೆಯ ಹೊತ್ತಿನಲ್ಲಿ ಬಡವರು ಕರೆದರೆ ಎದ್ದು ಹೋಗಿ, ಅದು ದೇವರಿಗೋಸ್ಕರವೇ ದೇವರನ್ನು ಬಿಟ್ಟು ಹೋದ ಹಾಗೆ ಅಂತ ಅವರಿಗೆ ಹೇಳುತ್ತಿದ್ದರಂತೆ. ಆದರೆ ಆ ಸಿಸ್ಟರ್ ಕೊನೆಗೆ ಸೇರಿಸಿದ ಮಾತು ನನಗೆ ಜಾಸ್ತಿ ಉಪಯೋಗಕ್ಕೆ ಬಂತು: "ಎದ್ದು ಹೋಗಬೇಕಾದರೆ ಮೊದಲು ಕೂತಿರಬೇಕು ಮಗಳೇ."

ಫಾದರ್ ಕಾಯಿಲೆಯವರ ಮನೆಗೆ ಪರಮಪ್ರಸಾದ ತೆಗೆದುಕೊಂಡು ಹೋಗುತ್ತಾರೆ ಅಲ್ವಾ? ಆರೈಕೆಯಲ್ಲಿ ಸಿಕ್ಕಿಕೊಂಡವರಿಗೂ ಕೊಡುತ್ತಾರೆ. ಕೇಳಿ ನೋಡಿ, ನಾಚಿಕೆ ಬೇಡ.

ರೌಂಡ್ಸ್ ಹೊತ್ತಾಯಿತು.


ತೋಟದಮನೆ
ಭಾನುವಾರ, ಸಂಜೆ 5:15

ಒಂದು ವಾರ ಆಯಿತು. ಏನಾಯಿತು ಅಂತ ಹೇಳಿಬಿಡುತ್ತೇನೆ.

ಗುರುವಾರ ಗಾಯನ ವೃಂದದ ಪ್ರಾಕ್ಟೀಸ್ ದಿನ ವಿಷಯ ಎತ್ತಿದೆ. ಎತ್ತುವಾಗ ಗಂಟಲು ಕಟ್ಟಿತು. ಸಹಾಯ ಕೇಳುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಇಬ್ಬರು ಹುಡುಗಿಯರು ತಿಂಗಳಿಗೆ ಒಂದು ಭಾನುವಾರ ಬರುತ್ತೇವೆ ಅಂದರು. ಆ ಹಿರಿಯರು ಒಂದು ಮೂಲೆಯಲ್ಲಿ ಸುಮ್ಮನೆ ಕೂತಿದ್ದರು. ಹೊರಗೆ ಬಂದಾಗ ಚಪ್ಪಲಿ ಹಾಕಿಕೊಳ್ಳುತ್ತಾ, "ನನಗೆ ಎತ್ತೋಕೆ ಆಗಲ್ಲ, ಬೆನ್ನು ನೋವು. ಗಂಜಿ ಕುಡಿಸ್ತೀನಿ" ಅಂದರು. ಉಕ್ಕಿನೂರಿನವರೇ, ಇದನ್ನು ಓದಿ ಜಾಸ್ತಿ ಖುಷಿ ಪಡಬೇಡಿ.

ಹುಡುಗಿಯರು ಇವತ್ತೇ ಬಂದರು. ಹೆಂಡತಿ ಅವರಿಗೆ ಕೆಲಸ ತೋರಿಸುತ್ತಾ ಉಳಿದಳು, ಮುಂದಿನ ವಾರ ಅವಳ ಸರದಿ. ನಾನು ಪೂಜೆಗೆ ಹೋದೆ. ಕಾಣಿಕೆಯ ಹಾಡು ಬಂತು. ಹದಿನಾರು ವರ್ಷ ನುಡಿಸಿದ ಹಾಡು, ಬೆರಳು ತಾನೇ ಹೋಗುತ್ತದೆ. ಇವತ್ತು ಹೋಗಲಿಲ್ಲ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಹೋಗಿ ರಾಜಿ ಮಾಡಿಕೋ ಅಂತ ಮತ್ತಾಯ 5ರಲ್ಲಿ ಇದೆಯಲ್ಲ, ಅದೇ ತಲೆಯಲ್ಲಿ. ನಾಲ್ಕು ತಿಂಗಳು ಪೂಜೆ ಬೇಕು ಪೂಜೆ ಬೇಕು ಅಂತಿದ್ದವನು, ಸಿಕ್ಕಿದ ದಿನ ಅಜ್ಜಿಯನ್ನೇ ನೆನೆಸಿಕೊಂಡು ಕೂತಿದ್ದೆ. ಅವರ ಹತ್ತಿರ ಒಂದು ಸಾರಿ ಕೂಡ ಕೇಳಿರಲಿಲ್ಲ. ಎರಡು ಸಾಲು ಬಿಟ್ಟು ಆಮೇಲೆ ಸೇರಿಕೊಂಡೆ. ಹಾಡುವವರು ತಿರುಗಿ ನೋಡಿದರು.

ಪೂಜೆ ಮುಗಿದದ್ದೇ ಸೀದಾ ಅಜ್ಜಿ ಮನೆಗೆ ಹೋದೆ. ಹಾಸಿಗೆ ಪಕ್ಕ ಕೂತು, "ಅಜ್ಜೀ, ಹೋದ ವಾರ ಬೈದೆ, ತಪ್ಪಾಯ್ತು" ಅಂದೆ.

"ಯಾವಾಗ ಬೈದೆ?" ಅಂದರು. ನಿಜಕ್ಕೂ ಮರೆತಿದ್ದರಾ, ಹಾಗೆ ಅಂದರಾ, ಗೊತ್ತಿಲ್ಲ. ಆಮೇಲೆ, "ಪೂಜೆಗೆ ಹೋಗಿದ್ಯಲ್ಲ, ಪ್ರಸಾದ ಎಲ್ಲಿ?" ಅಂತ ಕೇಳಿದರು.

ನಮ್ಮದರಲ್ಲಿ ಮನೆಗೆ ತರುವ ಹಾಗಿಲ್ಲ ಅಜ್ಜಿ, ಅಲ್ಲೇ ಸ್ವೀಕರಿಸಬೇಕು ಅಂದೆ. ಏನು ಕೊಡುತ್ತಾರೆ ಅಂದರು. ಬೆರಳಲ್ಲಿ ಅಳತೆ ತೋರಿಸಿದೆ, ಇಷ್ಟು ತೆಳ್ಳಗೆ, ಇಷ್ಟು ದೊಡ್ಡ ರೊಟ್ಟಿ.

"ಅಷ್ಟೇನಾ? ಅಷ್ಟಕ್ಕೆ ಒಂಬತ್ತು ಕಿಲೋಮೀಟರ್ ಹೋಗ್ತೀಯಾ?" ಅಂದರು. ಆ ಹುಡುಗಿಯರು ನಕ್ಕು ನಕ್ಕು ಹೊರಗೆ ಓಡಿದರು.

ನೈಟ್‌ಡ್ಯೂಟಿ ಅಕ್ಕ, ಡಾಕ್ಟರ್ ಹತ್ತಿರ ಕೇಳಿದೆ. ನೀವು ಹೇಳಿದ ಹಾಗೇ ದಿಂಬು ಇಡುತ್ತಿದ್ದೇವೆ. ಕೆಂಪು ದೊಡ್ಡದಾಗಿಲ್ಲ. ತಲೆ ಎತ್ತರಿಸಿ ಕೊಟ್ಟರೆ ಗಂಜಿ ಉಗಿಯುತ್ತಿಲ್ಲ. ಅವರಿಗೆ ಹಟ ಅಂತ ನಾನು ಅಂದುಕೊಂಡಿದ್ದೆ.

ಏರ್ ಬೆಡ್ ಮಾತ್ರ ಇಲ್ಲಿ ಸಿಗಲಿಲ್ಲ. ಶಿವಮೊಗ್ಗದಲ್ಲಿ ಬಾಡಿಗೆಗೆ ಕೊಡುವವರು ಯಾರಾದರೂ ಗೊತ್ತಾ?


ಮಣ್ಣಿನಹಣತೆ
ಭಾನುವಾರ, ಸಂಜೆ 5:40

ಬಾಡಿಗೆ ಬೇಡ. ನಮ್ಮ ಅಪ್ಪನಿಗೆ ತಂದದ್ದು ಅಟ್ಟದ ಮೇಲೆ ಇದೆ. ಅವರು ಹೋಗಿ ಎರಡು ವರ್ಷ ಆಯಿತು, ಯಾರಿಗೂ ಕೊಡಲು ಮನಸ್ಸಾಗಿರಲಿಲ್ಲ. ಕೊಪ್ಪದಲ್ಲಿದ್ದೇನೆ. ನಾಳೆ ಅಡಿಕೆ ಮಂಡಿಗೆ ತೀರ್ಥಹಳ್ಳಿಗೆ ಬರುತ್ತೇನೆ, ಬಸ್ ಸ್ಟ್ಯಾಂಡ್ ಹತ್ತಿರ ಸಿಗಿ.


ತೋಟದಮನೆ
ಭಾನುವಾರ, ಸಂಜೆ 5:44

ಬರುತ್ತೇನೆ. ಮೋಟಾರ್ ಕೆಲಸ ಮಾಡುತ್ತಾ?


ಮಣ್ಣಿನಹಣತೆ
ಭಾನುವಾರ, ಸಂಜೆ 6:20

ಈಗ ಇಳಿಸಿ ಹಾಕಿ ನೋಡಿದೆ. ಗಾಳಿ ತುಂಬುತ್ತಿದೆ. ಪೈಪಿನ ಒಂದು ಕಡೆ ಇಲಿ ಕಡಿದಿದೆ, ಸೈಕಲ್ ಟ್ಯೂಬಿನ ತುಂಡು ಸುತ್ತಿ ಕಟ್ಟಿ ತರುತ್ತೇನೆ.